ಕುಂಕುಮವಿಲ್ಲದ ಕಂಪ್ಯೂಟರ್

"ನೀ ಆ ಕಡೇನೇ ಇರ್ಮಾ. ಆರತಿ ಮುಗಿಯೋ ತನಕ ಮುಖ ತೋರಿಸ್ಬೇಡ," ಎಂದ ಸುಶಮೀಂದ್ರ. "ವರ್ಷಕ್ಕೊಂದು ದಿನ. ಅಪಶಕುನ ಬೇಡ."

ಚೆನ್ನೈನ ತ್ರಿಪ್ಲಿಕೇನಿನಲ್ಲಿದ್ದ ಅವನ ಡಿ.ಟಿ.ಪಿ. ಅಂಗಡಿಯಲ್ಲಿ ಆಯುಧಪೂಜೆ. ಕಂಪ್ಯೂಟರುಗಳಿಗೆಲ್ಲ ಗಂಧ, ಕುಂಕುಮ, ಸೇವಂತಿಗೆ. ದೇವರ ಮುಂದೆ ಮಣೆಯ ಮೇಲೆ ಲಾಕ್. ಹೆಬ್ಬೆರಳಷ್ಟು ದೊಡ್ಡ ಆ ವಸ್ತುವನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸದಿದ್ದರೆ ಅಂಗಡಿಯ ಕನ್ನಡ ಸಾಫ್ಟ್‌ವೇರ್ ತೆರೆಯುವುದಿಲ್ಲ. ಅದರಲ್ಲಿ ಟೈಪು ಮಾಡಿದ್ದು ಬೇರೆಲ್ಲೂ ಅಕ್ಷರವಾಗಿ ಕಾಣುವುದಿಲ್ಲ, ಬರೀ ಗೀಟು, ಚುಕ್ಕೆ. ಪೂಜೆಗಿಟ್ಟದ್ದನ್ನು ನಾಳೆ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ.

ನಾನು ಅಲ್ಲಿ ಟೈಪಿಸ್ಟ್. ಹಿಂದಿನ ಕೋಣೆಗೆ ಹೋದೆ. ಕಸಗುಡಿಸುವ ಸಾಕಮ್ಮ ಅಲ್ಲಿದ್ದಳು. ಮೂಲೆಯಲ್ಲಿ ಕುಂಕುಮವಿಲ್ಲದ ಒಂದು ಕಂಪ್ಯೂಟರ್. ನನ್ನ ಗಂಡ ಅಂದಾನಿ ಸತ್ತದ್ದು ಅದರ ಮುಂದೆ. ಪ್ಲಗ್ ಹಾಕುವಾಗ ಶಾಕ್ ಹೊಡೆಯಿತು. ಹಾರ್ಟ್ ಅಟ್ಯಾಕ್ ಎಂದು ಸುಶಮೀಂದ್ರ ಹೇಳಿದ. ಬಂದ ಪೊಲೀಸರು ಹಾಗೇ ಬರೆದುಕೊಂಡರು. ಸಾಕೆಟ್ ಈಗಲೂ ಕಪ್ಪಗಿದೆ.

ತಿರುವೊಟ್ಟಿಯೂರಿನ ಮೀನು ಶೆಡ್ಡುಗಳಲ್ಲಿ ದುಡಿಯುವ ಕನ್ನಡದವರ ಮಾತುಗಳನ್ನು ಅಂದಾನಿ ಕೂಡಿಸಿದ್ದ. ಕೆಲಸದ ಮಾತು, ಹೆರಿಗೆಯ ಮಾತು, ಸಾವಿನ ಮಾತು, ಬೈಗುಳ. ಅಲ್ಲಿಯವಳೇ ಆದ ಸಾಕಮ್ಮ ಹೇಳಿದ್ದೇ ಹೆಚ್ಚು. ಅಂಗಡಿಯ ಕೆಲಸ ಮುಗಿಸಿ ಈ ಕಂಪ್ಯೂಟರಿನಲ್ಲೇ ಟೈಪು ಮಾಡುತ್ತಿದ್ದ. ಆ ಫೈಲು ಕೊಡಿ ಎಂದು ನಾನು ಕೇಳಿದಾಗ ಸುಶಮೀಂದ್ರ ಎಲ್ಲರೆದುರು ನಕ್ಕಿದ್ದ.

"ಮೆಷಿನ್ ನಂದು, ಸಾಫ್ಟ್‌ವೇರ್ ನಂದು, ಒಳಗಿರೋದು ಮಾತ್ರ ನಿನ್ ಗಂಡಂದಾ? ಎಂ.ಎ. ಓದಿದೀಯಲ್ಲ, ಇಷ್ಟೂ ಪುರಿಯಲ್ವಾ?"

ನಾಳೆ ಆ ಸಂಗ್ರಹ ಅವನ ಹೆಸರಿನಲ್ಲಿ ನುಂಗಂಬಾಕ್ಕಂನ ಒಂದು ಕಂಪನಿಗೆ ಹೋಗುತ್ತದೆ. ಅವರೂ ಲಾಕ್ ಹಾಕಿಯೇ ಮಾರುತ್ತಾರೆ. ಈ ಕಂಪ್ಯೂಟರ್ ಗುಜರಿಗೆ.

ಇದನ್ನು ಕೇಳಿದ ದಿನ ಸಾಕಮ್ಮ ಪೊರಕೆ ಎಸೆದಿದ್ದಳು. "ನನ್ ಬಾಯ್ನಾಗಿನ್ ಮಾತ್ಗೆ ಬೀಗ ಹಾಕ್ತಾನಾ ಸೂಳೆಮಗ? ನನ್ ಮೊಮ್ಮಗಳ್ನ ಬೈಯಾಕೂ ಇವನ್ನ ಕೇಳ್ಬೇಕಾ?"

ಹೊರಡುವಾಗ ನಮ್ಮ ಚೀಲ ಸುರಿದು ನೋಡುತ್ತಾರೆ. ಬರುವಾಗ ನೋಡುವುದಿಲ್ಲ. ಚೀಲದಿಂದ ಲಿನಕ್ಸ್ ಸಿ.ಡಿ. ತೆಗೆದೆ. ಅಂದಾನಿಯ ಗೆಳೆಯರು ಕೊಟ್ಟದ್ದು. ಆ ಸಾಫ್ಟ್‌ವೇರಿಗೆ ಲಾಕ್ ಬೇಡ. ಅದನ್ನು ಯಾರು ಬೇಕಾದರೂ ನಕಲು ಮಾಡಬಹುದು, ಬಿಚ್ಚಿ ನೋಡಬಹುದು, ತಿದ್ದಿ ಹಂಚಬಹುದು. ಗೀಟು ಚುಕ್ಕೆಗಳನ್ನು ಎಲ್ಲ ಕಂಪ್ಯೂಟರಿನಲ್ಲೂ ಕಾಣುವ ಕನ್ನಡಕ್ಕೆ ತರುವ ಪ್ರೋಗ್ರಾಮನ್ನು ಅಂದಾನಿ ಅರ್ಧ ಬರೆದಿದ್ದ. ಉಳಿದದ್ದನ್ನು ನಾನು ಬರೆದು ಅದೇ ಸಿ.ಡಿ.ಗೆ ಹಾಕಿಕೊಂಡಿದ್ದೆ.

ಪ್ಲಗ್ ಹಾಕಿದೆ. ಸಿ.ಡಿ. ಒಳಗಿಟ್ಟು ಕಂಪ್ಯೂಟರ್ ಶುರು ಮಾಡಿದೆ.

ಆಚೆ ಗಂಟೆ, ಜಾಗಟೆ. ಸಾಕಮ್ಮ ಗುಡಿಸುವವಳಂತೆ ಮುಂದಕ್ಕೆ ಹೋಗಿ ಅಲ್ಲಿನ ಇಂಟರ್ನೆಟ್ ತಂತಿಯನ್ನು ಪೊರಕೆಯಿಂದ ಬಾಗಿಲಡಿಗೆ ತಳ್ಳಿದಳು. ನಾನು ಈಚೆಯಿಂದ ಎಳೆದು ಸಿಕ್ಕಿಸಿದೆ.

ಪರದೆಯ ಮೇಲೆ ಅಕ್ಷರ ಮೂಡಿತು.

"ಏನೈತೆ? ಓದವ್ವ."

ಓದಿದೆ. ಬೈಗುಳ.

"ನಂದೇ ಅದು," ಎಂದಳು.

ಮೇಲೆ ಒಂದು ಸಾಲು ಸೇರಿಸಿದೆ. ಹೇಳಿದವರು ಸಾಕಮ್ಮ ಮತ್ತು ಮೀನು ಶೆಡ್ಡಿನವರು, ಕೂಡಿಸಿದವನು ಅಂದಾನಿ, ಯಾರು ಬೇಕಾದರೂ ನಕಲು ಮಾಡಿಕೊಳ್ಳಲಿ. ಗೆಳೆಯರ ಜಾಲತಾಣಕ್ಕೆ ಕಳಿಸಿದೆ. ಫೈಲು ನಿಧಾನವಾಗಿ ಹೋಗತೊಡಗಿತು.

ಪ್ರಸಾದದ ಕಡಲೆ ಸುಂಡಲ್ ತಟ್ಟೆ ಹಿಡಿದು ಸುಶಮೀಂದ್ರ ಬಂದ. ಪರದೆ ನೋಡಿದ.

"ಅಯ್ಯೋ ಪಾಪಿ, ಪೂಜೆಗಿಟ್ಟ ಲಾಕ್ ಮುಟ್ಟಿದ್ಯಾ?"

ಓಡಿಹೋಗಿ ನೋಡಿದ. ಲಾಕ್ ಮಣೆಯ ಮೇಲೇ ಇತ್ತು, ಕುಂಕುಮ ಸಮೇತ. ತಿರುಗಿ ಬಂದಾಗ ಅವನ ದನಿ ತಗ್ಗಿತ್ತು.

"ಸುರೇಶ್, ಷಟರ್ ಎಳಿ. ಯಾರೂ ಹೊರಗ್ ಹೋಗ್ಬಾರ್ದು," ಎಂದ ಅಂಗಡಿಯ ಹುಡುಗನಿಗೆ.

ಪ್ಲಗ್ಗಿನ ಕಡೆ ಕೈ ಚಾಚಿದ. ಕಪ್ಪು ಸಾಕೆಟ್ಟಿನ ಹತ್ತಿರ ಕೈ ನಿಂತಿತು.

"ಏಯ್ ಸಾಕಮ್ಮ, ಕೀಳೇ ಅದನ್ನ."

"ಹಾರ್ಟ್ ಅಟ್ಯಾಕ್ ಅಲ್ವಾ ಸಾಮಿ? ನೀವೇ ಕೀಳ್ರಿ."

ಷಟರ್ ನೆಲಕ್ಕೆ ಬಡಿಯಿತು.

"ಸುರೇಶ್! ಮೇನ್ ಆಫ್ ಮಾಡೋ!"

ಕತ್ತಲಾಯಿತು. ಫೈಲು ಅಷ್ಟರೊಳಗೆ ಪೂರ್ತಿ ಹೋಗಿತ್ತು, ನಾನು ನೋಡಿದ್ದೆ.

"ಹೋಯ್ತಾ ಅದು?" ಎಂದ.



ಅವನ ಹೆಜ್ಜೆ ನನ್ನ ಕಡೆ ಬಂತು. ನಮ್ಮಿಬ್ಬರ ನಡುವೆ ಬಂದು ನಿಂತ ಸಾಕಮ್ಮ ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿದ ಸದ್ದು.