ಕಿರಿಯನ ಮೊದಲ ಮಾತು

"ನೀವೇ ಶುರು ಮಾಡಿ," ಎಂದರು ಅಧ್ಯಕ್ಷರು.

ಕಿರಿಯನೇ ಮೊದಲು ಮಾತಾಡಬೇಕೆಂಬುದು ನ್ಯಾಯಾಧೀಶರ ಆಯ್ಕೆ ಸಮಿತಿಯ ಪದ್ಧತಿ. ದೊಡ್ಡವರು ಬಾಯಿಬಿಟ್ಟರೆ ಚಿಕ್ಕವರು ತಲೆಯಾಡಿಸಿಬಿಡುತ್ತಾರೆಂದು ಯಾರೋ ಪುಣ್ಯಾತ್ಮ ಮಾಡಿಟ್ಟದ್ದು. ಮೂವರಲ್ಲಿ ಅವನೇ ಕಿರಿಯ. ಊರು ದೂರವೇ ಇಟ್ಟ ಹಳ್ಳದಾಚೆಯ ಬಡಾವಣೆಯಿಂದ ಬಂದು ಈ ಪೀಠದಲ್ಲಿ ಕೂತ ನ್ಯಾಯಾಧೀಶನೂ ಅವನೊಬ್ಬನೇ. ಆ ಎರಡನೆಯ ಸಂಗತಿಯನ್ನು ಈ ಕೋಣೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಷ್ಟು ಸಭ್ಯರು.

ಖಾಲಿಯಿದ್ದದ್ದು ಒಂದೇ ಸ್ಥಾನ. ಕೊನೆಗೆ ಉಳಿದದ್ದು ಇಬ್ಬರು. ಒಬ್ಬ ನಯವಾದ ವಕೀಲ; ಎಲ್ಲರ ಮನೆ ಮದುವೆಗೂ ಬರುವವನು, ಯಾರ ಮನಸ್ಸನ್ನೂ ನೋಯಿಸದವನು, ಯಾವ ಕೇಸಿನಿಂದಲೂ ನೆನಪಿನಲ್ಲಿ ಉಳಿಯದವನು. ಇನ್ನೊಬ್ಬಳು ಹಳ್ಳದಾಚೆಯ ವಕೀಲೆ. ಅವಳು ವಾದಕ್ಕೆ ನಿಲ್ಲುತ್ತಾಳೆಂದರೆ ಎದುರಾಳಿ ನಿದ್ದೆಗೆಡುತ್ತಾನೆಂಬುದು ಕೋರ್ಟಿಗೆಲ್ಲ ಗೊತ್ತು. ಒಮ್ಮೆ ಈ ಕಿರಿಯ ನ್ಯಾಯಾಧೀಶನೆದುರೇ ನಿಂತು, ಅವನು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದ ತೀರ್ಪನ್ನು ತಲೆಕೆಳಗು ಮಾಡಿದ್ದಳು. ವಯಸ್ಸಿನ ಮಿತಿ ಅವಳಿಗೆ ಈ ವರ್ಷಕ್ಕೇ ಮುಗಿಯುತ್ತದೆ. ಈಗ ತಪ್ಪಿದರೆ ತಪ್ಪಿದಂತೆಯೇ.

ಅವಳೇ ಅಂತ ಹೇಳಬೇಕು. ಅಷ್ಟೇ ತಾನೇ? ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುವಾಗ ಕನ್ನಡಿಗೆ ಒಂದು ಸಲ ಹೇಳಿಯೂ ನೋಡಿದ್ದ.

ಆದರೆ ಅಧ್ಯಕ್ಷರ ಮುಖದಲ್ಲಿ ಒಂದು ಸಣ್ಣ ತಾಳ್ಮೆ ಕಂಡಿತು. ಎದುರಿನವನು ಏನು ಹೇಳುತ್ತಾನೆಂದು ಮೊದಲೇ ಗೊತ್ತಿದ್ದವರ ತಾಳ್ಮೆ. ತನ್ನ ಕಡೆಯವಳ ಪರ ಹೇಳುತ್ತಾನೆ, ಪಾಪ, ಹೇಳಲಿ ಬಿಡು. ಅವನಿಗೆ ಮೈ ಉರಿಯಿತು.

"ಆಕೆ ಒಳ್ಳೆಯವರೇ," ಎಂದ. "ಆದ್ರೆ... ಇನ್ನೂ ಸ್ವಲ್ಪ ಪಳಗಬೇಕೇನೋ."

ಪಳಗಬೇಕಂತೆ. ಅರ್ಧ ಆಯುಸ್ಸು ಕೋರ್ಟಿನಲ್ಲೇ ಸವೆಸಿದವಳು ಇನ್ನು ಪಳಗುವುದು ಯಾರ ಕೈಯಲ್ಲಿ?

ಹಿರಿಯ ಸದಸ್ಯೆ ಕನ್ನಡಕ ತೆಗೆದು ಅವನನ್ನು ನೋಡಿದರು. "ನಾನು ಆಕೆಗೇ ಅಂತ ತೀರ್ಮಾನ ಮಾಡ್ಕೊಂಡು ಬಂದಿದ್ದೆ."

"ಹೌದಾ?" ಎಂದ ಅವನು.

"ಅರ್ಹತೆ ನೋಡಿದ್ರೂ ಆಕೆ, ಎಲ್ಲ ಕಡೆಯವರೂ ಇರ್ಬೇಕು ಅಂದ್ರೂ ಆಕೆ. ತಲೆ ಕೆಡಿಸ್ಕೊಳ್ಳೋಕೆ ಏನಿತ್ತು ಇದ್ರಲ್ಲಿ?"

ಅಧ್ಯಕ್ಷರು ಕುರ್ಚಿಗೆ ಒರಗಿದರು. "ಅವರ ಕಡೆಯವರೇ ಬೇಡ ಅಂದ್ಮೇಲೆ ನಮ್ಮದೇನಿದೆ ಮೇಡಂ? ನಾನೂ ಇವರ ಜೊತೆಗೇ." ಅವನ ಕಡೆ ತಿರುಗಿದರು. "ಇನ್ನೇನಾದ್ರೂ ಸೇರಿಸ್ತೀರಾ?"

ಇದೇ ಹೊತ್ತು. ತಪ್ಪಾಯ್ತು ಅಂದರೆ ಮುಗಿಯಿತು. ಮೂವರೇ ಇರುವ ಕೋಣೆಯಲ್ಲಿ ಮಾನ ಹೋದರೂ ಎಷ್ಟು ಹೋದೀತು?

"ಇಲ್ಲ ಸರ್."

"ನಿಮ್ಮಂಥ ನಿಷ್ಪಕ್ಷಪಾತಿಗಳು ಸಿಗೋದು ಕಷ್ಟ ಕಣ್ರೀ," ಎಂದರು ಅಧ್ಯಕ್ಷರು.

ಅವನಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಖುಷಿ ಹೋಗಲಿಲ್ಲ.

ಕಾರಿಡಾರಿಗೆ ಬರುವಷ್ಟರಲ್ಲಿ ಅಕ್ಕನ ಫೋನು. ಅಕ್ಕ ಇನ್ನೂ ಹಳ್ಳದಾಚೆಯೇ ಇದ್ದಾಳೆ, ವಕೀಲೆಯ ಪಕ್ಕದ ಬೀದಿಯಲ್ಲಿ.

"ಏನಾಯ್ತೋ?"

"ಇನ್ನೂ ಮಾತುಕತೆ ನಡೀತಿದೆ."

"ಬೆಳಿಗ್ಗೆ ಅವಳು ಸಿಕ್ಕಿದ್ಲು. ಮುಖ ಸಪ್ಪಗೆ ಮಾಡ್ಕೊಂಡಿದ್ಲು. ನಾನೇ ಅಂದೆ, ಒಳಗೆ ನನ್ನ ತಮ್ಮ ಇದ್ದಾನೆ, ನೀನ್ಯಾಕೆ ಹೆದರ್ತೀಯ ಅಂತ."

"ಊಟ ಆಯ್ತಾ ಅಕ್ಕಾ?"

"ಆಯ್ತು. ನಿಂದು?"

ಅವನು ಏನೋ ಹೇಳಿ ಫೋನಿಟ್ಟ.

ವಾರ್ಷಿಕ ವರದಿಗೆ ಸಮಿತಿಯ ಫೋಟೋ ಬೇಕಿತ್ತು. ಹೊರಗೆ ಮೆಟ್ಟಿಲ ಬಳಿ ಫೋಟೋಗ್ರಾಫರ್ ಕಾಯುತ್ತಿದ್ದ. ಅಧ್ಯಕ್ಷರು ನಡುವೆ ನಿಂತರು, ಸದಸ್ಯೆ ಒಂದು ಪಕ್ಕ, ಕಿರಿಯ ನ್ಯಾಯಾಧೀಶ ಇನ್ನೊಂದು ಅಂಚಿಗೆ.

"ಸರ್, ನೀವು ನಡುವೆ ಬನ್ನಿ," ಎಂದ ಫೋಟೋಗ್ರಾಫರ್ ಅವನಿಗೆ. "ಎಲ್ಲ ಥರದವರೂ ಇದ್ದಾರೆ ಅಂತ ಎದ್ದು ಕಾಣ್ಬೇಕಂತೆ. ಆಫೀಸಿನವರು ಹೇಳಿದ್ದಾರೆ."

ಅಧ್ಯಕ್ಷರು ತಾವಾಗಿಯೇ ಜಾಗ ಬಿಟ್ಟುಕೊಟ್ಟರು. "ಬನ್ನಿ ಬನ್ನಿ. ನೀವಿದ್ರೇನೇ ಕಳೆ."

ಅವನು ನಡುವೆ ನಿಂತ. ನಗಿ ಎಂದಾಗ ನಕ್ಕ. ಫೋಟೋ ತೆಗೆದಾಯಿತು. ಸದಸ್ಯೆ ಕಾರಿನ ಕಡೆ ನಡೆದರು. ಅಧ್ಯಕ್ಷರು ಒಳಗೆ ಹೋದರು.

"ನಿಮ್ಮೊಬ್ಬರದೇ ಒಂದು ತೆಗೀತೀನಿ ಸರ್, ಮೊದಲ ಪುಟಕ್ಕೆ. ಅಲ್ಲಾಡ್ಬೇಡಿ."

ಅಗಲವಾದ ಮೆಟ್ಟಿಲ ಮೇಲೆ, ಎರಡೂ ಬದಿಯ ಖಾಲಿ ಜಾಗದ ನಡುವೆ, ಅವನು ಅಲ್ಲಾಡದೆ ನಿಂತ. ಫೋಟೋಗ್ರಾಫರ್ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ನಗು ಇನ್ನೂ ಮುಖದ ಮೇಲೇ ಇತ್ತು. ಅದನ್ನು ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.