ಎಂಟು ಕಾಲಿನ ಚಿಪ್

ಭಾನುವಾರ ಬೆಳಿಗ್ಗೆ ವನಜಾ ಕಂಪ್ಯೂಟರಿನ ಮುಂದೆ ಕೂತಾಗಲೇ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಹಿಂದಿನ ದಿನ ಅವರ ಬಡಾವಣೆ ನಾರಾಯಣಗೂಡದಲ್ಲಿ ಕರೆಂಟು ಎರಡು ಸಲ ಹೋಗಿ ಬಂದಿತ್ತು. ಆಮೇಲಿನಿಂದ ಮನೆಯ ಸರ್ವರ್ ಬಾಯಿಯನ್ನೇ ಬಿಡುತ್ತಿರಲಿಲ್ಲ. ಅದರಲ್ಲಿ ನಾಲ್ಕು ಡಿಸ್ಕುಗಳು. ಒಂದು ಕೆಟ್ಟರೂ ಉಳಿದ ಮೂರರಿಂದ ಎಲ್ಲವೂ ಸಿಗುವಂತೆ ಅವಳೇ ಜೋಡಿಸಿದ್ದಳು. ಈಗ ಕೆಟ್ಟಿದ್ದವು ಎರಡು.

ಗಂಡ ಚನ್ನಬಸಪ್ಪನಿಗೆ ನಾಚಾರಂನಲ್ಲಿ ಕೃತಕ ಕಾಲು ಮಾಡುವ ಸಣ್ಣ ಕಾರ್ಖಾನೆ. ಒಂಬತ್ತು ವರ್ಷಗಳಲ್ಲಿ ಬಂದುಹೋದ ಆರುನೂರು ಚಿಲ್ಲರೆ ಜನರ ಅಳತೆ, ನಕ್ಷೆ, ಯಾರಿಗೆ ಎಲ್ಲಿ ಒತ್ತುತ್ತದೆ, ಯಾರು ಯಾವ ಕಡೆ ವಾಲುತ್ತಾರೆ ಎಂಬ ಟಿಪ್ಪಣಿ, ಎಲ್ಲ ಆ ಡಿಸ್ಕುಗಳಲ್ಲೇ ಇತ್ತು.

"ಎರಡೂ ಒಂದೇ ದಿನ ಹ್ಯಾಂಗ ಹೋದವು?" ಎಂದ ಚನ್ನಬಸಪ್ಪ.

"ಒಂದೇ ದಿನ ಹೋಗಿಲ್ರಿ. ಒಂದು ಮೊದಲೇ ಹೋಗೇತಿ. ಹೋದಾಗ ಅದು ಸೀಟಿ ಹೊಡೀಬೇಕಾಗಿತ್ತು."

ಡಬ್ಬಿ ಬಿಚ್ಚಿದಳು. ಸೀಟಿಯ ವೈರು ಕಿತ್ತು ಜೋತಾಡುತ್ತಿತ್ತು. ಚನ್ನಬಸಪ್ಪನ ಮುಖ ಇಳಿಯಿತು.

"ದೀಪಾವಳಿ ಮುಂದ ಒಂದೇ ಸಮ ಕುಂಯ್ ಅನ್ನಾಕತ್ತಿತ್ತು. ಯುಪಿಎಸ್ ಸಪ್ಪಳ ಅಂತ ತಿಳಕೊಂಡು ನಾನೇ ಕಿತ್ತೆ."

ವನಜಾಗೆ ನೆತ್ತಿ ಸುಟ್ಟಂಥ ಸಿಟ್ಟು ಬಂತು. ಆದರೆ ಐದು ತಿಂಗಳಿಂದ ತಾನೂ ಒಮ್ಮೆಯೂ ಅದನ್ನು ತೆರೆದು ನೋಡಿರಲಿಲ್ಲ ಎಂಬುದು ಮರುಗಳಿಗೆಗೇ ನೆನಪಾಯಿತು. "ನಂದೂ ತಪ್ಪೈತಿ ಬಿಡ್ರಿ. ಇನ್ನ ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ," ಎಂದಳು.

ಗಂಡನ ಸಮಾಧಾನಕ್ಕೆಂದು ಸೋಮವಾರ ರಿಪೇರಿ ಅಂಗಡಿಗೂ ಹೋಗಿ ಬಂದದ್ದಾಯಿತು. "ದೋ ಡಿಸ್ಕ್ ಗಯೇ ಮೇಡಂ, ಅಬ್ ಕುಛ್ ನಹೀ. ಫಾರ್ಮ್ಯಾಟ್ ಮಾರೋ," ಎಂದ ಅಂಗಡಿಯವನು; ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡಿ ಎಂಬುದು ಅವನ ಸಲಹೆ. ವನಜಾ ಡಿಸ್ಕುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಎದ್ದಳು.

"ಆತಲ್ಲ, ಮುಗೀತು," ಎಂದ ಗಂಡ ಆಟೋದಲ್ಲಿ.

"ಏನೂ ಮುಗಿದಿಲ್ಲ. ದೀಪಾವಳಿಗೆ ಹೋದ ಡಿಸ್ಕಿನಾಗ ಹಳೇ ಮಾಲೈತಿ. ಅದನ್ನ ಕೂಡಿಸಿದ್ರ ಹಳೇದು ಹೊಸದು ಕಲಸಿ ಎಲ್ಲಾ ಹಾಳಾಗತೈತಿ. ಶನಿವಾರ ಹೋದದ್ದನ್ನ ಎಬ್ಬಿಸಿದ್ರ ಸಾಕು. ಅದರ ಬೋರ್ಡ್ ಸುಟ್ಟೈತಿ. ಒಳಗ ಏನೂ ಆಗಿಲ್ಲ ಅಂತ ನನಗ ಅನಸ್ತೈತಿ."

ಅವಳು ರಕ್ಷಣಾ ಇಲಾಖೆಯ ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಹದಿನೇಳು ವರ್ಷಗಳಿಂದ ಬೆಸುಗೆ ಹಾಕುತ್ತಿದ್ದವಳು. ಅವಳ ಕೈಕೆಳಗೆ ಕಲಿತವರು ಒಬ್ಬೊಬ್ಬರಾಗಿ ಮಾಧಾಪುರದ ಐಟಿ ಕಂಪನಿಗಳ ಗಾಜಿನ ಕಟ್ಟಡಗಳಿಗೆ ಹಾರಿದ್ದರು. ಸಿಕ್ಕಾಗಲೆಲ್ಲ, "ಇನ್ನೂ ಬೆಸುಗೆ ಹಾಕ್ಕೋತಾನೇ ಕೂತೀರೇನ್ರಿ ಮೇಡಂ?" ಎಂದು ನಗುತ್ತಿದ್ದರು. ವನಜಾಳೂ ನಗುತ್ತಿದ್ದಳು. ತನ್ನ ಕೈ ಏನು ಮಾಡಬಲ್ಲದು ಎಂಬುದು ಅವಳಿಗೆ ಗೊತ್ತಿತ್ತು.

ಸುಟ್ಟ ಬೋರ್ಡಿಗೆ ಬದಲಿ ತೆಗೆಯಲು ಅದೇ ಕಂಪನಿಯ, ಅದೇ ನಂಬರಿನ ಇನ್ನೊಂದು ಡಿಸ್ಕು ಬೇಕಿತ್ತು. ಡ್ಯೂಟಿ ಮುಗಿಸಿ ಮೂರು ದಿನ ಸಿಕಂದರಾಬಾದಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳನ್ನು ಸುತ್ತಿದಳು. ಗುರುವಾರ ಐದನೆಯ ಅಂಗಡಿಯಲ್ಲಿ, ಕೀಬೋರ್ಡುಗಳ ರಾಶಿಯ ಅಡಿಯಲ್ಲಿ ಸಿಕ್ಕಿತು.

ಶನಿವಾರ ಬೆಳಿಗ್ಗೆ ಕಿಟಕಿಯ ಪಕ್ಕದ ಊಟದ ಮೇಜಿನ ಮೇಲೆ ಕೆಲಸ ಶುರುವಾಯಿತು. ಬೋರ್ಡು ಬದಲಿಸಿದರಷ್ಟೇ ಸಾಲದು. ಪ್ರತಿ ಡಿಸ್ಕಿಗೂ ಅದರದೇ ವಿವರ ಹೊತ್ತ ಒಂದು ಪುಟ್ಟ ಚಿಪ್ ಇರುತ್ತದೆ. ಎಂಟು ಕಾಲು, ಜೋಳದ ಕಾಳಿನಷ್ಟು ಗಾತ್ರ. ಸುಟ್ಟ ಬೋರ್ಡಿನಿಂದ ಅದನ್ನು ಬಿಡಿಸಿ ಹೊಸದಕ್ಕೆ ಕೂರಿಸಬೇಕು. ಅದು ಹಾಳಾದರೆ ಎಲ್ಲ ಹೋದಂತೆ. ಚನ್ನಬಸಪ್ಪ ಟೇಬಲ್ ಲ್ಯಾಂಪ್ ಹಿಡಿದು ನಿಂತ. ಲ್ಯಾಂಪ್ ನಡುಗುತ್ತಿತ್ತು.

"ಕೈ ನಡಗಂಗಿಲ್ಲೇನ ನಿನಗ?"

"ನೀವು ನಡಗಸಬ್ಯಾಡ್ರಿ, ಸಾಕು."

ಉಸಿರು ಹಿಡಿದು ಒಂದೊಂದೇ ಕಾಲನ್ನು ಬಿಡಿಸಿದಳು, ಒಂದೊಂದನ್ನೇ ಕೂರಿಸಿದಳು. ಕರೆಂಟು ಕೊಟ್ಟಳು. ಡಿಸ್ಕು ಒಂದು ಕ್ಷಣ ಸುಮ್ಮನಿದ್ದು ಮೆಲ್ಲಗೆ ಗುಂಯ್ ಎಂದು ತಿರುಗತೊಡಗಿತು.

ಚನ್ನಬಸಪ್ಪ ಚಪ್ಪಾಳೆ ತಟ್ಟಲು ಹೋದ. "ತಡೀರಿ," ಎಂದಳು ವನಜಾ. ಮೊದಲು ಮೂರೂ ಡಿಸ್ಕುಗಳನ್ನು ಹೊಸ ಡಿಸ್ಕುಗಳಿಗೆ ನಕಲು ಮಾಡಿ, ಮೂಲದವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಅದಕ್ಕೇ ಭಾನುವಾರ ಮಧ್ಯಾಹ್ನದವರೆಗೆ ಹಿಡಿಯಿತು. ಆಮೇಲೆ ನಕಲುಗಳನ್ನು ಜೋಡಿಸಿದಳು. ಪರದೆಯ ಮೇಲೆ ಹೆಸರುಗಳು ಸಾಲಾಗಿ ಇಳಿದವು. ಚನ್ನಬಸಪ್ಪ ಒಂದೊಂದನ್ನೇ ಗಟ್ಟಿಯಾಗಿ ಓದುತ್ತ ಹೋದ. ಹತ್ತನೆಯ ಹೆಸರಿಗೆ ನಿಲ್ಲಿಸಿ ಕನ್ನಡಕ ತೆಗೆದು ಒರೆಸಿಕೊಂಡ.

ಮೂರು ಕಡತಗಳು ಮಾತ್ರ ತೆರೆಯಲಿಲ್ಲ. ಅದರಲ್ಲೊಂದು ಸೇಡಂ ಕಡೆಯ ಸೂಗಮ್ಮನದು. ಹೊಸ ಕಾಲಿಗೆಂದು ಅವಳು ಬರಬೇಕಾದದ್ದು ಬರುವ ಗುರುವಾರವೇ.

"ಆಕಿಗೆ ಏನಂತ ಹೇಳೂದು?" ಎಂದ ಚನ್ನಬಸಪ್ಪ.

"ಇದ್ದದ್ದನ್ನ ಹೇಳೂದು," ಎಂದು ವನಜಾಳೇ ಫೋನು ಹಚ್ಚಿದಳು. "ಸೂಗಮ್ಮಾರ, ನಿಮ್ಮ ಅಳತಿ ನಮ್ಮಿಂದ ಹಾಳಾಗೇತ್ರಿ. ತಪ್ಪು ನಮ್ದು. ಮತ್ತ ಅಳತಿ ತಗೋಬೇಕು, ಒಂದಿನ ಹೆಚ್ಚಿಗಿ ಉಳೀಬೇಕಾಗತೈತಿ."

ಆ ಕಡೆಯಿಂದ ನಗು ಕೇಳಿಸಿತು. "ಛಲೋ ಆಯ್ತು ಬಿಡ್ರೆವ್ವ. ಹೋದ ವರ್ಷದ ಅಳತಿ ನನಗೀಗ ಎಲ್ಲಿ ಬರ್ತದ? ಕಾಲು ಬಡಕಾಗ್ಯಾದ. ಹೇಳಬೇಕಂತ ನಾನೇ ಅನ್ಕೊಂಡಿದ್ದೆ. ನಿಮ್ಮನ್ಯಾಗೇ ಉಳೀತೀನಿ, ರೊಟ್ಟಿ ಬಡೀರಿ."

ಗುರುವಾರ ವನಜಾ ಅರ್ಧ ದಿನ ರಜೆ ಹಾಕಿ ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿಗೆ ಹೋದಳು. ಸೂಗಮ್ಮ ಚೀಲ ಹಿಡಿದು ಇಳಿದಳು, ಬಲಗಡೆಗೆ ವಾಲುತ್ತ ನಡೆದು ಬಂದಳು.

"ಇಷ್ಟು ವಾಲ್ತೀರಲ್ರಿ, ಸೊಂಟ ನೋಯಂಗಿಲ್ಲೇನು?" ಎಂದು ವನಜಾ ಅವಳ ಚೀಲ ಇಸಿದುಕೊಂಡಳು.

"ನೋಯ್ತದ್ರಿ. ಅದಕ್ಕಽ ಬಂದೀನಿ," ಎನ್ನುತ್ತ ಸೂಗಮ್ಮ ಅವಳ ಭುಜ ಹಿಡಿದು ಆಟೋ ಹತ್ತಿದಳು.