ಮುಂದಕ್ಕೆ ಮಾತ್ರ ಹೋಗುವ ಮನೆ

ಕಾರಿನ ಹಿಂದೆ ಒಂದು ಇಡೀ ಮನೆಯನ್ನು ಕಟ್ಟಿಕೊಂಡು, ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ತುಂಬಿದ ಚಹಾ ಲೋಟ ಹಿಡಿದು, ಹನ್ನೆರಡು ತಿರುವಿನ ಘಟ್ಟವನ್ನು ಬುಡದಿಂದ ತುದಿಯವರೆಗೆ ಹಿಮ್ಮುಖವಾಗಿಯೇ ಹತ್ತಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ. ಒಂದು ಹನಿ ಚಹಾ ಚೆಲ್ಲಲಿಲ್ಲ. ಆರನೆಯ ತಿರುವಿನಲ್ಲಿ ಜೊತೆಗೆ ಹಾರಿಬಂದ ಹದ್ದೊಂದು ಒಂಬತ್ತನೆಯ ತಿರುವಿನ ಹೊತ್ತಿಗೆ ತಲೆ ಸುತ್ತಿ ಬಂಡೆಯ ಮೇಲೆ ಕೂತುಬಿಟ್ಟಿತು.

ಇಷ್ಟನ್ನೂ ಬಡಗಿ ಪೆಟ್ರೋಲ್ ಬಂಕಿನವನಿಗೆ ಕೈಬೀಸಿ ಬಣ್ಣಿಸಿ ಮುಗಿಸಿದ. ಬಂಕಿನವನು ಪೈಪನ್ನು ಎಳೆದೂ ಎಳೆದೂ ನೋಡಿ, "ಅಣ್ಣ, ಪೈಪು ಸಾಲ್ತಿಲ್ಲ. ಎರಡು ಮಾರು ಹಿಂದಕ್ಕೆ ತಗೊಳ್ಳಿ" ಅಂದ.

ಬಡಗಿಯ ಬಾಯಿ ಮುಚ್ಚಿತು. ಅದು ಮುಚ್ಚಿದ್ದನ್ನು ಕಂಡವರು ಅವನ ಊರಲ್ಲೇ ಕಡಿಮೆ.

"ಹಿಂದಕ್ಕಾ?" ಅಂದ, ಆ ಮಾತನ್ನು ಅಂದೇ ಮೊದಲು ಕೇಳಿದವನಂತೆ. "ಜುಜುಬಿ ಎರಡು ಮಾರಿಗೆಲ್ಲ ನಾನು ಹಿಂದಕ್ಕೆ ಹೋಗಲ್ಲ ತಮ್ಮ. ನನ್ನ ಮಟ್ಟಕ್ಕೆ ಅದು ಕಮ್ಮಿ."

ಕಾರು ಹತ್ತಿದವನೇ ಬಂಕಿನಿಂದ ಹೊರಬಿದ್ದು, ಆಸ್ಪತ್ರೆ, ಶಾಲೆ, ಸಂತೆಬೀದಿ, ದಾರಿ ತಪ್ಪಿ ಇನ್ನೊಮ್ಮೆ ಆಸ್ಪತ್ರೆ, ಹೀಗೆ ಊರಿಗೆಲ್ಲ ಒಂದು ಸುತ್ತು ಹಾಕಿ, ಅರ್ಧ ಗಂಟೆಯ ಮೇಲೆ ಅದೇ ಬಂಕಿಗೆ ಮತ್ತೆ ಬಂದು, ಎರಡು ಮಾರು ಮೊದಲೇ ನಿಲ್ಲಿಸಿದ.

ಹಿಂದಿನ ಸೀಟಿನಲ್ಲಿ ಹನ್ನೊಂದು ವರ್ಷದ ಮಗಳಿದ್ದಳು. ಯಾರ ಮಾತನ್ನೂ ತೂಗದೆ ಒಳಗೆ ಬಿಟ್ಟುಕೊಳ್ಳದ ಅವಳಿಗೆ ಮನೆಯಲ್ಲಿ ತಕ್ಕಡಿ ಎಂದೇ ಹೆಸರು.

"ಅಪ್ಪ, ನಾವು ಘಟ್ಟ ಹತ್ತಿದ್ದು ಯಾವಾಗ?"

"ನೀವೆಲ್ಲ ನಿದ್ದೆ ಮಾಡ್ತಿದ್ರಿ."

"ಅಮ್ಮ?"

"ಅವಳೂ."

"ಹದ್ದು?"

"ಅದು ಎಚ್ಚರವಾಗಿತ್ತು."

"ನಂಗೆ ಕಾಣಿಸ್ತು" ಅಂದ ಆರು ವರ್ಷದ ಮಗ. ಸಣ್ಣಗಿದ್ದು ಎಲ್ಲಿ ಬೇಕಾದರೂ ತೂರುವ ಅವನನ್ನು ಬಡಗಿ ಮೊಳೆ ಎಂದು ಕರೆಯುತ್ತಿದ್ದ. ಅಪ್ಪ ಹೇಳಿದ್ದೆಲ್ಲ ಅವನಿಗೆ ಕಾಣಿಸುತ್ತಿತ್ತು.

ತಕ್ಕಡಿಯ ಕಣ್ಣು ಅಪ್ಪನ ಅಂಗಿಯ ಮೇಲೆ ಬಿತ್ತು. ಎದೆಯಿಂದ ಹೊಟ್ಟೆಯವರೆಗೆ ಕಂದು ಬಣ್ಣದ ಕಲೆ ಇಳಿದಿತ್ತು. "ಅದು ವಾರ್ನಿಷ್" ಅಂದ ಬಡಗಿ, ಅವಳು ಕೇಳುವ ಮೊದಲೇ.

ಕೆಲಸದ ವಿಷಯಕ್ಕೆ ಬಂದರೆ ಬಡಗಿಯಷ್ಟು ಸತ್ಯವಂತ ಇನ್ನೊಬ್ಬನಿರಲಿಲ್ಲ. ಅಳತೆಯ ಟೇಪು ಕೈಯಲ್ಲಿದ್ದಾಗ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಟೇಪು ಜೇಬಿಗಿಳಿಸಿ ಬಾಯಿ ತೆರೆದನೋ, ಗೇಣು ಮಾರಾಗುತ್ತಿತ್ತು, ಮಾರು ಮೈಲಿಯಾಗುತ್ತಿತ್ತು. ಕಾರಿನ ಹಿಂದೆ ಕಟ್ಟಿದ್ದ ಈ ಗಾಡಿಮನೆ ಮಾತ್ರ ಅವನ ಕೈಯ ಸತ್ಯ. ಎರಡು ವರ್ಷದ ಕೆಳಗೆ ಅದು ಗಾಲಿಯ ಮೇಲಿನ ಬರೀ ತಗಡಿನ ಡಬ್ಬ. ಈಗ ಒಳಗೆ ಗೋಡೆಗೆ ಮಡಚಿಕೊಳ್ಳುವ ಮೇಜು, ಒಂದರ ಮೇಲೊಂದು ಮಂಚ, ಎಂಥ ತಿರುವಿನಲ್ಲೂ ಬಾಯಿಬಿಡದ ಡ್ರಾಯರು, ಒಂದೊಂದು ಲೋಟಕ್ಕೂ ಅದರದೇ ಕುಳಿ. ಅಂಗಡಿ ಮುಚ್ಚಿದ ಮೇಲಿನ ಸಂಜೆಗಳೆಲ್ಲ, ರಜೆಗಳೆಲ್ಲ ಅದಕ್ಕೇ ಸಂದಿದ್ದವು.

ಆದರೆ ಗಾಡಿ ಇನ್ನೂ ಅವನದಾಗಿರಲಿಲ್ಲ. ಡಬ್ಬ ಕೊಟ್ಟವರು ಮಾವ, ಹೆಂಡತಿಯ ಅಪ್ಪ. ಮೂವತ್ತೆಂಟು ವರ್ಷ ಲಾರಿ ಓಡಿಸಿದ ಮುದುಕ. ಆತನ ಮೀಸೆಯಲ್ಲಿ ಎರಡು ಗುಬ್ಬಿ ಸಂಸಾರ ಆರಾಮಾಗಿ ಬಾಳಬಹುದಿತ್ತು. ಕೊಡುವಾಗಲೇ ಮಾವ ಒಂದು ಶರತ್ತು ಹಾಕಿದ್ದರು.

"ಅಳಿಯಂದ್ರೇ, ಮುಂದಕ್ಕೆ ಎಳೆಯೋದು ಎತ್ತಿಗೂ ಬರುತ್ತೆ. ಗಾಡೀನ ಹಿಂದಕ್ಕೆ ಹಾಕೋಕೆ ಬರಬೇಕು. ಎರಡು ವರ್ಷ ಟೈಮು. ಯಾರು ಇದನ್ನ ತಂದು ನನ್ನ ಶೆಡ್ಡೊಳಗೆ ರಿವರ್ಸಲ್ಲಿ ನಿಲ್ಲಿಸ್ತಾರೋ, ಗಾಡಿ ಅವರದ್ದು. ಇಲ್ಲಾಂದ್ರೆ ಚಿಕ್ಕ ಅಳಿಯನಿಗೆ ಕೊಟ್ಬಿಡ್ತೀನಿ."

ಚಿಕ್ಕ ಅಳಿಯ ಎಂದರೆ ಬಡಗಿಯ ಷಡ್ಡಕ. ಶಾಲೆಯ ಬಸ್ಸು ಓಡಿಸುವವನು. ಸೂಜಿಯ ಕಣ್ಣಿನೊಳಗೂ ಹಿಮ್ಮುಖವಾಗಿ ಬಸ್ಸು ನುಗ್ಗಿಸುವ ಭೂಪ. ತಾನು ಉಜ್ಜಿ ನಯಮಾಡಿದ ಮಂಚದ ಮೇಲೆ ಆ ಷಡ್ಡಕ ಕಾಲುಚಾಚಿ ಮಲಗಿದ ದೃಶ್ಯ ನೆನೆದರೆ ಸಾಕು, ಬಡಗಿ ಎದ್ದು ಹೋಗಿ ಆ ಮಂಚವನ್ನು ಇನ್ನೊಮ್ಮೆ ಉಜ್ಜುತ್ತಿದ್ದ.

"ಹಿಂದಕ್ಕೆ ತಾನೇ ಮಾವ?" ಎಂದಿದ್ದ ಅಂದು. "ನಾನು ಹುಟ್ಟಿದ್ದೇ ಕಾಲು ಮೊದಲಾಗಿ."

ಆಮೇಲೆ ಒಂದು ಮುಂಜಾನೆ, ಯಾರೂ ಏಳುವ ಮೊದಲು, ಅಂಗಡಿಯ ಮುಂದೆ ಅಭ್ಯಾಸ ಮಾಡಿ ನೋಡಿದ. ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದರೆ ಸಿಟ್ಟುಮಾಡಿಕೊಂಡು ಇನ್ನೂ ಬಲಕ್ಕೆ ಹೋಯಿತು. ಕೊನೆಗೆ ಕಾರೂ ಗಾಡಿಯೂ ಚಾಕುವಿನಂತೆ ಮಡಚಿಕೊಂಡು ಅವನದೇ ಅಂಗಡಿಯ ಬೋರ್ಡನ್ನು ಉರುಳಿಸಿದವು. ಬೋರ್ಡನ್ನು ಬಿರುಗಾಳಿ ಬೀಳಿಸಿತೆಂದು ಬೀದಿಗೆಲ್ಲ ಹೇಳಿದ. ಅಂದು ಎಲೆ ಅಲುಗಿರಲಿಲ್ಲ.

ಗಡುವು ಈ ಶನಿವಾರಕ್ಕೆ ಮುಗಿಯುತ್ತಿತ್ತು. ಮಕ್ಕಳಿಗೆ ರಜೆ ಸಿಕ್ಕಿದ್ದೇ ಹೊರಟರು, ಐದು ದಿನದ ದಾರಿ. ಇಷ್ಟು ದಾರಿ ಓಡಿಸುವಾಗ ರಿವರ್ಸು ತಾನಾಗಿ ಕೈಗೆ ಬಂದೀತೆಂದು ಬಡಗಿಯ ಎಣಿಕೆ. ನಾಲ್ಕು ದಿನವೂ ಗಾಡಿಮನೆ ಮುಂದಕ್ಕೆ ಮಾತ್ರ ಹೋಯಿತು. ತಿರುವು ತಪ್ಪಿದರೆ ಮುಂದಿನ ಊರಿನ ವೃತ್ತದವರೆಗೆ ಹೋಗಿ ಸುತ್ತಿ ಬರುತ್ತಿದ್ದ. ರಾತ್ರಿ ತಂಗುವ ಮೈದಾನದಲ್ಲಿ ನೀರಿನ ನಲ್ಲಿಯ ಹತ್ತಿರದ ಜಾಗ ಬಿಟ್ಟು, ಎಲ್ಲರಿಗಿಂತ ದೂರದ ತುದಿಯಲ್ಲಿ, ಬೆಳಿಗ್ಗೆ ನೇರ ಹೊರಡುವಂತೆ ನಿಲ್ಲಿಸುತ್ತಿದ್ದ.

"ಇಲ್ಲಿಂದ ನೋಟ ಚೆನ್ನಾಗಿದೆ" ಅನ್ನುತ್ತಿದ್ದ.

"ಗೋಡೆ ಕಾಣ್ತಿದೆ ಅಪ್ಪ" ಅನ್ನುತ್ತಿದ್ದಳು ತಕ್ಕಡಿ.

ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು ಕಿತ್ತಳೆ ಸುಲಿದು ಹಂಚುತ್ತಿದ್ದಳು. ಐದಡಿಗೆ ನಾಲ್ಕು ಬೆರಳು ಕಮ್ಮಿಯ ಹೆಂಗಸು. ದೊಡ್ಡ ಗೋದಾಮಿನಲ್ಲಿ ಅವಳ ಕೆಲಸ: ಪುಟ್ಟ ಟ್ರ್ಯಾಕ್ಟರಿಗೆ ಸಾಮಾನಿನ ಟ್ರಾಲಿ ಕಟ್ಟಿಕೊಂಡು ಸಾಲುಸಾಲು ಕಪಾಟುಗಳ ಸಂದಿಯಲ್ಲಿ ದಿನಕ್ಕೆ ನೂರು ಸಲ ಮುಂದೆ, ನೂರು ಸಲ ಹಿಂದೆ. ಹನ್ನೊಂದು ವರ್ಷದಿಂದ. ಹೊರಟ ಬೆಳಿಗ್ಗೆಯೇ, "ಬೇಕಾದ್ರೆ ನಾನು ಹೇಳ್ಕೊಡ್ತೀನಿ ಕಣ್ರೀ" ಅಂದಿದ್ದಳು. ಬಡಗಿ ನಕ್ಕಿದ್ದ. "ನಿಂದು ಆಟದ ಸಾಮಾನು ಕಣೇ. ಇದು ಮನೆ."

"ಸರಿ ಬಿಡಿ" ಅಂದವಳು ಕಿತ್ತಳೆಗೆ ಕೈಹಾಕಿದ್ದಳು. ಅಂದಿನಿಂದ ಸುಲಿಯುತ್ತಲೇ ಇದ್ದಳು.

ಶನಿವಾರ ಬೆಳಿಗ್ಗೆ, ಮಾವನ ಊರು ಇನ್ನು ಹತ್ತೇ ಮೈಲಿ ಎನ್ನುವಾಗ, ಬಡಗಿ ಒಳದಾರಿ ಹಿಡಿದ. ಈ ದಾರಿ ತನಗೆ ಅಂಗೈ ಗೆರೆಯಷ್ಟು ಪರಿಚಯ ಅಂದ. ಎರಡು ಎತ್ತರದ ಗೋಡೆಗಳ ನಡುವಿನ ಓಣಿ. ಮುನ್ನೂರು ಹೆಜ್ಜೆ ಹೋದ ಮೇಲೆ ಒಂದು ಕಬ್ಬಿಣದ ಗೇಟು, ಗೇಟಿಗೆ ಎಮ್ಮೆಯ ತಲೆಯಷ್ಟು ದೊಡ್ಡ ಬೀಗ. ಆಚೆ ಮುಚ್ಚಿದ ಕಾರ್ಖಾನೆ.

ಬಡಗಿ ಬ್ರೇಕು ಒತ್ತಿದ. ಹಿಂದೆ ನೋಡಿದ, ಗೋಡೆಗೂ ಗಾಡಿಗೂ ನಡುವೆ ಮೊಳದಷ್ಟು ಜಾಗ. ಗೇರು ಹಾಕಿ ಒಂದು ಮಾರು ಹಿಂದೆ ಬಿಟ್ಟ. ಗಾಡಿ ಓರೆಯಾಗಿ ಗೋಡೆಯ ಕಡೆ ಮೂತಿ ತಿರುಗಿಸಿತು. ಮುಂದೆ ತಂದ, ಮತ್ತೆ ಬಿಟ್ಟ, ಈ ಸಲ ಆಚೆ ಗೋಡೆ. ಒಳಗೆ ಲೋಟಗಳು ಕುಳಿಯಲ್ಲಿ ಹಲ್ಲು ಕಡಿದವು.

"ಈ ಬೀಗ ತೆಗೆಸಬಹುದು" ಅಂದ ಬೆವರೊರೆಸುತ್ತಾ. "ಕಾರ್ಖಾನೆ ಮಾಲೀಕ ನನಗೆ ಗೊತ್ತಿರೋನೇ."

"ಹೆಸರೇನಪ್ಪ ಅವರದ್ದು?" ಅಂದಳು ತಕ್ಕಡಿ.

"ಇಲ್ಲಾಂದ್ರೆ ಗೋಡೆ ಕೆಡವಿ ಮತ್ತೆ ಕಟ್ಟಿಕೊಡಬಹುದು."

ಮೊಳೆ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ. "ಅಪ್ಪ, ಘಟ್ಟದಲ್ಲಿ ಬಂದ್ಯಲ್ಲ, ಹಾಗೇ ಬಾ."

ಬೇರೆ ಯಾರೇ ಹೀಗೆ ಚುಚ್ಚಿದ್ದರೂ ಬಡಗಿ ಉತ್ತರ ಕೊಡುತ್ತಿದ್ದ. ಹುಡುಗ ಚುಚ್ಚುತ್ತಿರಲಿಲ್ಲ, ನಂಬಿದ್ದ. ಬಡಗಿ ಕಾರಿನ ಬಾಗಿಲು ತೆರೆದು ಕೆಳಗಿಳಿದು, ಹೆಂಡತಿಯ ಕಿಟಕಿಯ ಬಳಿ ಹೋಗಿ, ಗೋಡೆಗೆ ಹೇಳುವವನಂತೆ, "ಸ್ವಲ್ಪ ನೋಡ್ತೀಯಾ" ಅಂದ.

ಅವಳು ಕೈಯಲ್ಲಿದ್ದ ಕಿತ್ತಳೆ ಅವನಿಗೆ ಕೊಟ್ಟಳು. ಸ್ಟೇರಿಂಗ್ ಹಿಂದೆ ಕೂತು, ಸೀಟನ್ನು ಸರಸರನೆ ಮುಂದಕ್ಕೆ ಎಳೆದುಕೊಂಡು, ಕನ್ನಡಿ ತಗ್ಗಿಸಿ, ಎಂಜಿನ್ ಎಬ್ಬಿಸಿದಳು. ಗಾಡಿಮನೆ ಹಳಿಯ ಮೇಲಿದ್ದಂತೆ ಮುನ್ನೂರು ಹೆಜ್ಜೆ ಹಿಂದಕ್ಕೆ ಹರಿಯಿತು. ಗೋಡೆಯ ಮೇಲಿನ ಹಲ್ಲಿ ಕೂಡ ಸರಿದು ಕೂರಬೇಕಾಗಿ ಬರಲಿಲ್ಲ. ಬಡಗಿ ಕಿತ್ತಳೆ ಹಿಡಿದು ಜೊತೆಗೇ ನಡೆಯುತ್ತಾ, "ಬರಲಿ, ಬರಲಿ, ಸ್ವಲ್ಪ ಎಡ" ಎಂದು ಕೂಗುತ್ತಿದ್ದ. ಅವಳು ಅವನ ಕಡೆ ನೋಡಲೇ ಇಲ್ಲ.

ಓಣಿಯ ಬಾಯಲ್ಲಿ ನಿಂತ ಮೇಲೆ ಬಡಗಿ ದನಿ ತಗ್ಗಿಸಿದ. "ಒಂದು ಮಾತು. ನಿಮ್ಮಪ್ಪ ಊಟ ಮಾಡಿ ಮಲಗಿದ್ರೆ ನಾಲ್ಕು ಗಂಟೆಗೇ ಏಳೋದು. ನಾವು ಮೂರಕ್ಕೆ ಹೋಗೋಣ. ನೀನು ಗಾಡಿ ಶೆಡ್ಡೊಳಗೆ ಹಾಕಿಬಿಡು. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಅಂದ್ರೆ ಸುಳ್ಳು ಹೇಳ್ತೀರಿ."

"ಎರಡು ವರ್ಷ ಕಣೇ. ಒಂದೊಂದು ಹಲಗೇನೂ ನನ್ನ ಕೈಯಲ್ಲಿ..." ಆ ಗಾಡಿಯಲ್ಲಿ ಷಡ್ಡಕ ಗೊರಕೆ ಹೊಡೆಯುವುದು ಅವನ ಕಿವಿಗಾಗಲೇ ಬೀಳುತ್ತಿತ್ತು.

ಹೆಂಡತಿ ಅವನ ಮುಖ ನೋಡಿದಳು. "ಆಗಲಿ, ಹಾಕ್ತೀನಿ. ಸುಳ್ಳು ಮಾತ್ರ ನಾನು ಹೇಳಲ್ಲ. ನನ್ನನ್ನ ಕೇಳದಿದ್ರೆ ಸುಮ್ನಿರ್ತೀನಿ, ಅಷ್ಟೆ."

ತಕ್ಕಡಿ ಮೇಲಿನ ಮಂಚವನ್ನು ಲಂಚವಾಗಿ ಪಡೆದು ಬಾಯಿ ಮುಚ್ಚಿದಳು. ಮೊಳೆಗೆ ಲಂಚ ಬೇಕಾಗಲಿಲ್ಲ, ಮಾವನ ಊರು ಮುಟ್ಟುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ.

ಮೂರು ಗಂಟೆಗೆ ಮಾವನ ಅಂಗಳ ನಿಶ್ಶಬ್ದವಾಗಿತ್ತು. ಒಳಗಿನಿಂದ ಲಾರಿ ಏರು ಹತ್ತುವಂಥ ಗೊರಕೆ ಕೇಳುತ್ತಿತ್ತು. ಶೆಡ್ಡಿನ ಬಾಯಿ ಗಾಡಿಗಿಂತ ಎರಡೂ ಕಡೆ ಒಂದೊಂದು ಗೇಣು ಹೆಚ್ಚು, ಅಷ್ಟೇ. ಹೆಂಡತಿ ಒಂದೇ ಸಲಕ್ಕೆ ಗಾಡಿಮನೆಯನ್ನು ಡ್ರಾಯರು ತಳ್ಳಿದಂತೆ ಒಳಗೆ ತಳ್ಳಿ, ಇಳಿದು, ಹಿತ್ತಲ ನಲ್ಲಿಯಲ್ಲಿ ಐದು ದಿನದ ಬಟ್ಟೆ ಒಗೆಯಲು ಹೋದಳು. ಬಡಗಿ ಕಾರಿಗೆ ಒರಗಿ, ಲೋಟದಲ್ಲಿ ಚಹಾ ಹಿಡಿದು, ಆಗತಾನೇ ಜಗತ್ತನ್ನು ಗೆದ್ದು ಬಂದವನ ಭಂಗಿಯಲ್ಲಿ ನಿಂತ.

ನಾಲ್ಕಕ್ಕೆ ಸರಿಯಾಗಿ ಮಾವ ಮೀಸೆ ಸವರುತ್ತಾ ಹೊರಗೆ ಬಂದರು. ಶೆಡ್ಡನ್ನು ನೋಡಿದರು. ಒಂದು ಸುತ್ತು ಬಂದರು. ಬಾಗಿ ಗಾಲಿಯ ಗುರುತು ನೋಡಿದರು.

"ಒಂದೇ ಸಲಕ್ಕೆ" ಅಂದರು.

"ಅರ್ಧ ಸಲ ಅನ್ನಿ ಮಾವ. ಕಣ್ಣು ಮುಚ್ಚಿಕೊಂಡೇ ಹಾಕಿದ್ದು. ದಾರಿಯಲ್ಲಿ ಹನ್ನೆರಡು ತಿರುವಿನ ಘಟ್ಟ ಇತ್ತಲ್ಲ, ಅದನ್ನ..."

"ಹೌದಾ? ಕೂತ್ಕೊಳ್ಳಿ ಅಳಿಯಂದ್ರೇ."

"ಎಲ್ಲಿ?"

"ನಿಮ್ಮ ಸೀಟಲ್ಲಿ. ಈಗಷ್ಟೇ ಇಳಿದ್ರಲ್ಲ, ಅಲ್ಲೇ."

ಬಡಗಿ ಆರಡಿಯ ಮೇಲೆ ಮೂರು ಬೆರಳಿನ ಆಳು. ಒಂದು ಕಾಲು ಒಳಗಿಟ್ಟ. ಮೊಣಕಾಲು ಸ್ಟೇರಿಂಗಿಗೆ ತಾಗಿತು. ಸೊಂಟ ಮಡಚಿದ, ಗದ್ದ ಮೊಣಕಾಲಿಗೆ ತಾಗಿತು. ಇನ್ನೊಂದು ಕಾಲಿಗೆ ಜಾಗವೇ ಇರಲಿಲ್ಲ, ಅದು ಹೊರಗೆ ಕೊಕ್ಕರೆಯ ಕಾಲಿನಂತೆ ನಿಂತಿತು. ಕನ್ನಡಿಯಲ್ಲಿ ಅವನಿಗೆ ಕಂಡದ್ದು ತನ್ನದೇ ಅಂಗಿಯ ಗುಂಡಿ.

ಬೆರಳಿನ ಅಗಲ ತಪ್ಪಿದರೆ ಹಲಗೆಯನ್ನೇ ಬಿಸಾಡುವ ಬಡಗಿ ಸೀಟಿನ ಅಳತೆಯನ್ನೇ ಮರೆತಿದ್ದ.

"ಹೀಗೆ ಕೂತು ಹಾಕಿದ್ರಾ?" ಅಂದರು ಮಾವ.

ಬಡಗಿ ಬಾಯಿ ತೆರೆದ. ಗಾಳಿಗೆ ಸೀಟು ಜಾರಿತು ಎನ್ನಬಹುದಿತ್ತು. ಹಿಂದಿನ ಸೀಟಿನಿಂದ ಎದ್ದಿಳಿದ ಮೊಳೆ ಕಣ್ಣುಜ್ಜುತ್ತಾ ನಿಂತು, ಅಪ್ಪ ಏನು ಹೇಳಿದರೂ ನಂಬಲು ತಯಾರಾಗಿದ್ದ. ಅದೇ ಕಷ್ಟವಾಯಿತು.

"ಇಲ್ಲ ಮಾವ" ಅಂದ, ಮಡಚಿಕೊಂಡೇ. "ಹಾಕಿದ್ದು ನಿಮ್ಮ ಮಗಳು. ನನಗೆ ಬರೋದಿಲ್ಲ. ಮನೆಯಿಂದ ಇಲ್ಲಿವರೆಗೆ ನಾನಾಗಿ ನೆಟ್ಟಗೆ ಒಂದು ಗೇಣು ಹಿಂದಕ್ಕೆ ಹೋಗಿಲ್ಲ. ಪೆಟ್ರೋಲಿಗೆ ಊರು ಸುತ್ತಿದೀನಿ. ಅಂಗಡಿ ಬೋರ್ಡು ಬಿದ್ದಿದ್ದು ಗಾಳಿಗಲ್ಲ. ಗಾಡಿ ಚಿಕ್ಕ ಅಳಿಯನಿಗೇ ಕೊಡಿ. ಡ್ರಾಯರು ಎಳೆಯೋವಾಗ ಸ್ವಲ್ಪ ಮೇಲಕ್ಕೆ ಎತ್ತಿ ಎಳೀಬೇಕು ಅಂತ ಮಾತ್ರ ಹೇಳಿ."

ಮಾವನ ಮೀಸೆ ಅಲ್ಲಾಡಿತು. ಒಳಗಿನ ಗುಬ್ಬಿಗಳು ನಕ್ಕಿರಬೇಕು. "ಯಾರು ಹಾಕ್ತಾರೋ ಅವರದ್ದು ಅಂದಿದ್ದೆ. ಅಳಿಯಂದಿರೇ ಹಾಕಬೇಕು ಅಂತ ನಾನಂದ್ನಾ?" ಕಾರಿನೊಳಗೆ ಕೈಹಾಕಿ ಕೀಲಿಗೊಂಚಲು ಕಿತ್ತು, ಒದ್ದೆಗೈ ಒರೆಸುತ್ತಾ ಬಂದ ಮಗಳ ಕೈಗಿಟ್ಟರು. "ಇಗೋ ಮಗಳೇ, ನಿನ್ನ ಗಾಡಿ."

ಅವಳು ಕೀಲಿಯನ್ನು ಕೈಯಲ್ಲಿ ತೂಗಿ ನೋಡಿ, ಗಂಡನ ಮುಂದೆ ಬಂದು ನಿಂತಳು. "ನನ್ನ ಗಾಡಿಗೆ ಒಬ್ಬ ಬಡಗಿ ಬೇಕಾಗ್ತಾನೆ. ಮಾತಾಡೋ ಬಡಗಿ ಬೇಕೋ ಬೇಡವೋ ಯೋಚನೆ ಮಾಡ್ತೀನಿ. ಘಟ್ಟದ ವಿಷಯ ಮೊದಲು ಹೇಳಿ."

"ಘಟ್ಟ ಇರಲಿಲ್ಲ" ಅಂದ ಬಡಗಿ.

"ತಿರುವು?" ಅಂದಳು ತಕ್ಕಡಿ.

"ಒಂದಿತ್ತು. ಅದೂ ತಪ್ಪಿಹೋಯ್ತು."

"ಹದ್ದು?" ಅಂದ ಮೊಳೆ, ಸಣ್ಣ ದನಿಯಲ್ಲಿ.

ಬಡಗಿ ಮಗನ ಕಡೆ ಮುಖ ತಿರುಗಿಸಿದ. "ಕಾಗೆ ಮಗ. ತಂತಿ ಮೇಲೆ ಕೂತಿತ್ತು."

"ನಂಗೆ ಕಾಗೇನೇ ಕಾಣಿಸಿದ್ದು" ಅಂದ ಮೊಳೆ.

ತಕ್ಕಡಿ ಅಪ್ಪನ ಅಂಗಿಯ ಮೇಲೆ ಇನ್ನೂ ಉಳಿದಿದ್ದ ವಾರ್ನಿಷ್ ಕಲೆಗೆ ಬೆರಳು ತೋರಿಸಿದಳು. ಬಡಗಿ ತಲೆ ತಗ್ಗಿಸಿ ಅದನ್ನು ನೋಡಿಕೊಂಡ.

"ಚಹಾ" ಅಂದ. "ಪೂರ್ತಿ ಲೋಟ ಚೆಲ್ಲಿತು. ಆಗ ಗಾಡಿ ನಿಂತಿತ್ತು."